ಗಡಿಕಲ್ಲಿನ ಬುಡದ ಮೊರ

“ಮುಟ್ಬೇಡಿ ಸಾ. ನಮ್ ಸೊಸೆ ಮೈಯಿಂದ ಇಳ್ಸಿ ಮಡಗಿರಾದು ಅದು.”

ಮನೆಗೆಲಸದ ಲಕ್ಕಮ್ಮ ಹತ್ತು ಮಾರು ದೂರದಲ್ಲೇ ನಿಂತುಬಿಟ್ಟಿದ್ದಳು. ಗೌರೀಶಂಕರ ಮೇಷ್ಟ್ರು ಅಷ್ಟರಲ್ಲಿ ಮೊರ ಎತ್ತಿಕೊಂಡಾಗಿತ್ತು. ಹೊಸ ಬಿದಿರಿನ ಮೊರ. ಸಗಣಿಗೆ ಮೆಂತ್ಯದ ಹಿಟ್ಟು ಕಲಸಿ ಸಾರಿಸಿ ಒಣಗಿಸಿದ್ದರು. ಅಂಚಿಗೆ ಅರಿಶಿನದ ಬೊಟ್ಟು. ಒಳಗೆ ಬೇವಿನ ಸೊಪ್ಪು, ಕುಂಕುಮ ಕಲಸಿದ ಅನ್ನ, ಒಂದು ಜೊತೆ ಹಸುಗೂಸಿನ ಕರಿಬಳೆ. ಗುಡ್ಡದ ಗಡಿಕಲ್ಲಿನ ಬುಡದಲ್ಲಿ ಇಟ್ಟಿದ್ದ ಅದು ಬೆಳಗಿನ ವಾಕಿಂಗಿಗೆ ಹೊರಟ ಮೇಷ್ಟ್ರ ಕಣ್ಣಿಗೆ ಬಿದ್ದಿತ್ತು.

ಬಾಣಂತಿ ಸೊಸೆ ರೂಪಶ್ರೀಗೆ ಯಾರೋ ಮಾಟ ಮಾಡಿಸಿದ್ದರು, ಮೂರು ತಿಂಗಳು ಅವಳು ಅವಳಾಗಿರಲಿಲ್ಲ, ಮಂತ್ರ ಬಲ್ಲವನೊಬ್ಬ ಬಂದು ಅದನ್ನು ಮೊರಕ್ಕೆ ಇಳಿಸಿಕೊಟ್ಟ, ಗೆದ್ದಲು ಹಿಡಿದು ಮೊರ ಮಣ್ಣಾಗುವ ತನಕ ಯಾರ ಕೈಯೂ ತಾಕಬಾರದು ಎಂದು ಲಕ್ಕಮ್ಮ ನಿಂತಲ್ಲಿಂದಲೇ ಬೇಡಿಕೊಂಡಳು. ಮೇಷ್ಟ್ರು ನಕ್ಕರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ತನಕ ಕಂಡ ಕಂಡ ವೇದಿಕೆ ಹತ್ತಿ ಮೂಢನಂಬಿಕೆಯ ಮೇಲೆ ಭಾಷಣ ಬಿಗಿದವರು.

“ಮೂರುದಾರೀಲಿ ದೃಷ್ಟಿ ಇಳಿ ತೆಗೆದು ಎಸೆದಿದ್ದ ತೆಂಗಿನಕಾಯಿ ತಂದು ಚಟ್ನಿ ಅರೆಸಿ ತಿಂದೋನು ನಾನು. ನಿಮ್ಮ ಮಾಟಕ್ಕೆ ನನ್ನ ಅಡ್ರೆಸ್ಸು ಗೊತ್ತಿಲ್ಲ ಕಣಮ್ಮ,” ಎಂದು ಮೊರದಲ್ಲಿದ್ದುದನ್ನೆಲ್ಲ ಬಂದರಿ ಗಿಡದ ಮೆಳೆಗೆ ಸುರುವಿದರು. ಕರಿಬಳೆಗಳು ಕಲ್ಲಿಗೆ ಬಡಿದು ಚೂರಾದವು. ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗುಡ್ಡ ಇಳಿದುಹೋದಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಈ ಮೇಷ್ಟ್ರ ಮನೆಯಲ್ಲಿ ಲಕ್ಕಮ್ಮನ ಕಾಫಿಗೆ ಬೇರೆ ಲೋಟವಿತ್ತು. ಅಂಚು ನೆಗ್ಗಿದ ಸ್ಟೀಲ್ ಲೋಟ. ಕಾಂಪೌಂಡ್ ಗೋಡೆಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಪಾತ್ರೆ ತಿಕ್ಕಿ, ಅಂಗಳ ಗುಡಿಸಿ, ಅವಳೇ ಅದನ್ನು ತೊಳೆದು ಹಿಡಿಯಬೇಕು. ಇವರು ಮೇಲಿನಿಂದ ಹುಯ್ಯಬೇಕು. ಅದರ ಮೇಲೆ ಮಾತ್ರ ಮೇಷ್ಟ್ರು ಒಂದು ದಿನವೂ ಭಾಷಣ ಮಾಡಿದವರಲ್ಲ.

ರಿಟೈರಾದ ಮೇಲೆ ಹಾಸನದ ಗದ್ದಲ ಸಾಕೆಂದು ನುಗ್ಗೇಹಳ್ಳಿಯಾಚೆಯ ಆ ಬೋಳುಗುಡ್ಡದ ಮೇಲೆ ಎರಡು ಕೋಣೆಯ ಶೀಟಿನ ಮನೆ ಕಟ್ಟಿಸಿಕೊಂಡು ಗಂಡ ಹೆಂಡತಿ ಬಂದು ವರ್ಷವಾಗಿತ್ತು. ದಿನಗಳೆಲ್ಲ ಒಂದೇ ಅಚ್ಚಿನವು. ಐದಕ್ಕೆ ಏಳುವುದು. ಗಂಗಾಂಬಿಕೆ ಡಿಕಾಕ್ಷನ್ನಿಗಿಟ್ಟು, ಗಂಡನ ಕನ್ನಡಕವನ್ನು ಸೆರಗಿನ ತುದಿಯಿಂದ ಒರೆಸಿ, ತಾನೇ ಅವರ ಮೂಗಿಗೆ ಏರಿಸುವಳು. ಮದುವೆಯಾದಂದಿನಿಂದ ಒಂದು ದಿನ ತಪ್ಪದ ರೂಢಿ. ಏಳಕ್ಕೆ ಅರಕಲಗೂಡಿನಿಂದ ಮಗಳು ರಂಜಿತಾಳ ಫೋನು. ಹತ್ತಕ್ಕೆ ಜಗಲಿಯ ಮೇಲೆ ಇಬ್ಬರೂ ಕೂತು ಅವರೆಕಾಯಿ ಬಿಡಿಸುವುದು. ತಪ್ಪಲಿನಲ್ಲಿ ಸಂಜೆ ಬಸ್ಸಿನ ಹಾರನ್ ಕೇಳಿಸಿದರೆ ದೀಪ ಹಾಕುವುದು.

ಮೊರ ಆ ದಿನಚರಿಯೊಳಕ್ಕೆ ಸಲೀಸಾಗಿ ನುಸುಳಿತು.

ಮೊದಲ ದಿನ ಗಂಗಾಂಬಿಕೆ ಅಕ್ಕಿ ಕೇರಿದಳು. ಟಪ್, ಟಪ್, ಸರ್ರ್. ಕೈಗೆ ಎಷ್ಟು ಹಗುರವಾಗಿದೆ, ಒಳ್ಳೇದನ್ನೇ ತಂದಿರಿ ಎಂದಳು. ಮೇಷ್ಟ್ರ ಮೂಗಿಗೆ ಮೆಂತ್ಯದ ವಾಸನೆ ಬಡಿಯಿತು. ಅದರಡಿಗೆ ಸಗಣಿ. ಅದಕ್ಕೂ ಅಡಿಗೆ, ಸುಟ್ಟ ಕೂದಲು.

ಮೂರನೇ ದಿನ ಅವಳು ಉಪ್ಪಿನ ಡಬ್ಬಿ ಹಿಡಿದುಕೊಂಡು, ಇದು ಏನು ಎಂದು ಕೇಳಿದಳು. ಐದನೇ ದಿನ ಹಾಸನದಲ್ಲಿ ಇಪ್ಪತ್ತು ವರ್ಷ ಬಾಳಿದ ಬೀದಿ ಮರೆತಳು. ಮೇಷ್ಟ್ರು ಡಾಕ್ಟರಿಗೆ ತೋರಿಸಿದರು, ಸ್ಕ್ಯಾನ್ ಮಾಡಿಸಿದರು. ತಲೆಯೊಳಗೆ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಅವಳು ಮಾತ್ರೆಗಳನ್ನೂ ಮೊರಕ್ಕೆ ಸುರಿದು ಕೇರಿದಳು. ಆಮೇಲೆ ಅಂಗಿಯ ಗುಂಡಿಗಳು. ಬೀಗದ ಕೈಗಳು. ಗೋಡೆಯ ಮೇಲಿದ್ದ ಮಗಳ ಫೋಟೊ. ಮೊರದಿಂದ ಏನೂ ಹಾರುತ್ತಿರಲಿಲ್ಲ. ಕೇರಿ ಮುಗಿಸಿದ ಮೇಲೆ ಅವಳೊಳಗೆ ಏನೋ ಒಂದು ಇರುತ್ತಿರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಏಳಕ್ಕೆ ಫೋನ್ ಎತ್ತಿ, “ಯಾವ ರಂಜಿತಾ?” ಎಂದಳು.

ಅವತ್ತು ಮೇಷ್ಟ್ರು ಇನ್ನೊಂದನ್ನೂ ಗಮನಿಸಿದರು. ಒಣಗಿದ ತರಗಿನ ಮೇಲೆ ಹೆಂಡತಿ ನಡೆದುಹೋದಳು. ತರಗು ಸದ್ದು ಮಾಡಲಿಲ್ಲ. ನೀರು ಚಿಮುಕಿಸಿದ ಅಂಗಳದ ಮಣ್ಣಿನಲ್ಲಿ ಅವರ ಚಪ್ಪಲಿಯ ಗುರುತಿತ್ತು. ಅವಳ ಪಾದದ್ದು ಇರಲಿಲ್ಲ.

ವಿಜ್ಞಾನವೆಲ್ಲ ಬೆವರಾಗಿ ಇಳಿಯಿತು. ಮೊರ ಕಿತ್ತುಕೊಂಡು ಅಂಗಳಕ್ಕೆ ಎಸೆದರು. ಸೀಮೆಎಣ್ಣೆ ಹುಯ್ದು ಕಡ್ಡಿ ಗೀರಿದರು. ಬೆಂಕಿ ಹತ್ತಿದ್ದೇ ತಡ, ಒಳಗಿನಿಂದ ಗಂಗಾಂಬಿಕೆಯ ಕಿರುಚು. ಓಡಿಹೋಗಿ ನೋಡಿದರೆ ಅವಳ ಎರಡು ಅಂಗೈಯಲ್ಲೂ ಬೊಬ್ಬೆ ಎದ್ದಿದ್ದವು. ತುಂಬಿದ ಬಿಂದಿಗೆ ತಂದು ಮೊರದ ಮೇಲೆ ಸುರಿದರು. ಮೊರಕ್ಕೆ ಮಸಿಯೂ ಹತ್ತಿರಲಿಲ್ಲ.

ಮೇಷ್ಟ್ರು ಹೊರಗಿನಿಂದ ಚಿಲಕ ಹಾಕಿ ಗುಡ್ಡ ಇಳಿದರು. ಲಕ್ಕಮ್ಮನ ಮನೆಯ ಬಾಗಿಲಲ್ಲಿ ನಿಂತು ನಡೆದದ್ದನ್ನು ಹೇಳುವಷ್ಟರಲ್ಲಿ ಬಾಯಿ ಒಣಗಿತು. ಅವಳು ಬೆಳಗಿದ ಹಿತ್ತಾಳೆ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಗಟಗಟ ಕುಡಿದರು.

ಪಡಸಾಲೆಯಲ್ಲಿ ರೂಪಶ್ರೀ ರಾಗಿ ಹಸನು ಮಾಡುತ್ತಿದ್ದಳು. ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಳು. ಒಳಗೆ ಸೀರೆಯ ಜೋಲಿಯಲ್ಲಿ ಕೂಸು ಅಳತೊಡಗಿತು. ರೂಪಶ್ರೀ ತಲೆ ಎತ್ತದೆ, “ಅತ್ತೆ, ಯಾರ್ದೋ ಮಗ ಅಳ್ತಾ ಅದೆ ನೋಡಿ,” ಎಂದಳು.

ಲಕ್ಕಮ್ಮ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಬಂದಳು. ಅದರ ಕೈ ಬರಿದಾಗಿತ್ತು. ಮೇಷ್ಟ್ರಿಗೆ ಮೆಳೆಯಲ್ಲಿ ಚೂರಾದ ಕರಿಬಳೆ ನೆನಪಾದವು.

“ನೋಡುದ್ರಲ್ಲ ಸಾ,” ಎಂದಳು ಲಕ್ಕಮ್ಮ, ದನಿ ತಗ್ಗಿಸಿ. “ಆ ಮೊರ ಒಂದೊಂದಾಗಿ ಎಲ್ಲಾನೂ ತೂರ್ಬುಡ್ತದೆ. ಕೊನೀಗೆ ಅಮ್ಮಾರ್ನೇ ತೂರ್ಕಂಡೋಯ್ತದೆ. ಬಿಡುಸ್ಬೇಕು ಅಂದ್ರೆ ಅಮ್ಮಾರಿಗೆ ಎಲ್ಲಾಕಿಂತ ತೂಕವಾದ್ದು ಯಾವ್ದೋ, ಅದರ ಗುರ್ತು ಮೊರುಕ್ಕಾಕಿ ಅವರ ಕೈಲೇ ಕೇರುಸ್ಬೇಕು. ಅದುನ್ನ ತಕಂಡು ಸುಮ್ಕಾಯ್ತದೆ. ಇವ್ಳು ಮಗೀನ ಕೊಟ್ಟು ಉಳ್ಕಂಡ್ಲು.”

ಆಮೇಲೆ ನೆನಪು ಮಾಡಿಕೊಡಬಹುದಲ್ಲ ಎಂದು ಮೇಷ್ಟ್ರು ತೊದಲಿದರು.

“ಹೋದುದ್ದುನ್ನ ಕರೀಬ್ಯಾಡಿ. ನಾನು ಇಂಥೋರು ಅಂತ ಬಾಯ್ಬುಟ್ರೆ, ಮೊರ ತಿರ್ಗಾ ಮನೆಗ್ ಬತ್ತದೆ.”

ಮೇಷ್ಟ್ರು ಏದುತ್ತ ಗುಡ್ಡ ಹತ್ತಿದರು. ಮಟಮಟ ಮಧ್ಯಾಹ್ನ. ಗಾಳಿಯಿಲ್ಲ. ಒಂದು ಹಕ್ಕಿಯ ದನಿಯಿಲ್ಲ. ಇಡೀ ಗುಡ್ಡಕ್ಕೆ ಒಂದೇ ಸದ್ದು. ಟಪ್, ಟಪ್, ಸರ್ರ್.

ಹೊರಗಿನ ಚಿಲಕ ಹಾಕಿದಂತೆಯೇ ಇತ್ತು. ಗಂಗಾಂಬಿಕೆ ಅಂಗಳದ ನಡುವೆ ನಿಂತು ಖಾಲಿ ಮೊರ ಕೇರುತ್ತಿದ್ದಳು. ಬೊಬ್ಬೆ ಒಡೆದು ನೀರು ಮೊಣಕೈಗೆ ಇಳಿಯುತ್ತಿತ್ತು. ಕೈ ಅವಳ ಮಾತು ಕೇಳುತ್ತಿರಲಿಲ್ಲ. ಕಣ್ಣಲ್ಲಿ ಮಾತ್ರ ಅವಳಿದ್ದಳು.

“ರೀ,” ಎಂದಳು. “ಎಲ್ಲಾ ಹೋಯ್ತು ರೀ. ನೀವೊಬ್ರೇ ಉಳಿದಿರೋದು.”

ಅವಳ ಹಿಮ್ಮಡಿ ನೆಲ ಬಿಟ್ಟಿತು. ಮೇಷ್ಟ್ರು ಓಡಿದರು. ಸೆರಗು ಹಿಡಿದೆಳೆದರು. ಸೆರಗಿನ ತುದಿಯಲ್ಲಿ ತೂಕವೇ ಇರಲಿಲ್ಲ. ಸುಟ್ಟ ಕೂದಲಿನ ನಾತ ಗಂಟಲಿಗೆ ಇಳಿಯಿತು. ಟಪ್. ಕಾಲ್ಬೆರಳ ತುದಿಯೂ ನೆಲ ಬಿಟ್ಟಿತು. ಟಪ್. ನೆರಳು ಪಾದದಿಂದ ಬೇರೆಯಾಯಿತು. ಅವರು ಕನ್ನಡಕ ಕಿತ್ತರು. ಬೆಳಿಗ್ಗೆ ಅವಳೇ ಒರೆಸಿದ ಕನ್ನಡಕ. ಒಂದು ಗಳಿಗೆ ಎದೆಗೆ ಒತ್ತಿಕೊಂಡರು. ಮೊರಕ್ಕೆ ಹಾಕಿದರು.

“ಬೇಡ ರೀ,” ಎಂದಳು ಅವಳು. ಅವಳ ಕೈ ಕೇರಿತು.

ಸರ್ರ್.

ಕಣ್ಣಿಗೆ ಎಲ್ಲವೂ ಮಂಜು. ಏನೋ ಧೊಪ್ಪನೆ ಬಿತ್ತು. ಅವಳು. ಮೈಭಾರವಿದ್ದ ಅವಳು. ಎಬ್ಬಿಸಲು ಬಗ್ಗಿದವರನ್ನು ಎರಡೂ ಕೈಯಿಂದ ನೂಕಿ, ಯಾರು ನೀವು, ಮೈ ಮುಟ್ಟಬೇಡಿ ಎಂದು ಅರಚಿಕೊಂಡಳು. ಒಳಗೋಡಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅವಳ ದನಿ ಕೇಳಿಸಿತು. ರಂಜಿತಾಗೆ ಫೋನ್ ಮಾಡಿದ್ದಳು. ಮಗಳ ಹೆಸರು, ಬೀದಿ, ಉಪ್ಪು, ಎಲ್ಲ ತಿರುಗಿ ಬಂದಿದ್ದವು.

ಮೇಷ್ಟ್ರು ಮೊರ ಹೊತ್ತುಕೊಂಡು ಹೋಗಿ, ಕನ್ನಡಕದ ಸಮೇತ ಗಡಿಕಲ್ಲಿನ ಬುಡದಲ್ಲಿಟ್ಟರು. ಅದನ್ನು ಯಾರೂ ಮುಟ್ಟದಂತೆ ಕಾಯುತ್ತ ಕೂತರು. ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿದರು. ಅವಳು ಅಳುತ್ತಲೇ ಅಮ್ಮನೆದುರು ಅಪ್ಪನ ಸುದ್ದಿ ಎತ್ತುವುದಿಲ್ಲವೆಂದು ಒಪ್ಪಿದಳು. ರಾತ್ರಿ ಮಲಗುವುದಕ್ಕೆ ತಪ್ಪಲಿನ ಪಂಪಿನ ಮನೆ. ಊಟ ಲಕ್ಕಮ್ಮನ ಮನೆಯದು.

ವಾರದ ಗಡ್ಡ, ಮಾಸಿದ ಪಂಚೆ. ಎಂಟನೇ ದಿನ ಬೆಳಿಗ್ಗೆ ತಡೆಯಲಾರದೆ ಬೇಲಿಯ ಬಳಿ ಬಂದು ನಿಂತರು. ಗಂಗಾಂಬಿಕೆ ಮಸುಕಾಗಿ ಕಂಡಳು. ಲಕ್ಕಮ್ಮನಿಗೆ ಬದಲಾಗಿ ಕೆಲಸಕ್ಕೆ ಬಂದೆಯೇನಪ್ಪ ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದರು. ಹೆಸರೇನು ಎಂದಳು.

ಮೇಷ್ಟ್ರ ಬಾಯಿ ತೆರೆಯಿತು. ಬೆನ್ನ ಹಿಂದೆ, ಗಡಿಕಲ್ಲಿನ ಕಡೆಯಿಂದ, ಮೆಲ್ಲಗೆ ಕೇಳಿಸಿತು. ಟಪ್.

ಬಾಯಿ ಮುಚ್ಚಿಕೊಂಡರು.

ಮೂಗನಿರಬೇಕು ಪಾಪ ಎಂದುಕೊಂಡು ಅವಳು ಅಂಗಳ ತೋರಿಸಿದಳು. ಅವರು ಪೊರಕೆ ಹಿಡಿದು ಮೂಲೆ ಮೂಲೆ ಗುಡಿಸಿದರು. ಅವಳು ಕಾಫಿ ತಂದಳು. ಅವರ ಮುಖ ನೋಡುತ್ತ ಅವಳ ಬೆರಳು ಸೆರಗಿನ ತುದಿಯನ್ನು ತಾನಾಗಿಯೇ ಹೊಸೆಯತೊಡಗಿತು, ಏನನ್ನೋ ಒರೆಸುವ ಹಾಗೆ. ಆಮೇಲೆ ಬಿಟ್ಟುಬಿಟ್ಟಳು. ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

“ಗೋಡೆ ಮೇಲೆ ಲೋಟ ಇದೆ ನೋಡು. ತೊಳ್ಕೊಂಡು ಹಿಡಿ.”

ಮೇಷ್ಟ್ರು ತಡವಿ ತಡವಿ ಹುಡುಕಿದರು. ನೆಗ್ಗಿದ ಅಂಚು ಬೆರಳಿಗೆ ಸಿಕ್ಕಿತು. ತೊಳೆದರು. ಎರಡೂ ಕೈಯಿಂದ ಹಿಡಿದರು. ಅವಳು ಮೇಲಿನಿಂದ ಹುಯ್ದಳು.