ಪಟ್ಟದ ಗೂಳಿ ತಿಂದ ಕಬ್ಬು

ತಾತನಿಗೆ ಮರೆವು ಅಂತ ಗ್ರೂಪ್‌ನಲ್ಲಿ ಹಾಕಿದ್ದು ಯಾರು? ಹೆಂಡತಿಯ ಫೋನ್ ನಂಬರ್ ಬಾಯಿಗೆ ಬರದವರೆಲ್ಲ ನನ್ನ ನೆನಪಿಗೆ ಪರೀಕ್ಷೆ ಇಡುತ್ತೀರಿ. ಸುಮ್ಮನೆ ಕೇಳಿ. ಗೂಳಿ ಕಬ್ಬು ತಿಂದ ಆ ದಿನ ಹಿರಿಯರ ಸಾಲಿನಲ್ಲಿ ನಾನೂ ಕೂತಿದ್ದೆ.

ತೇವಾರಂ ರಸ್ತೆಯಲ್ಲಿ ಈಗ ಸ್ಟೇಡಿಯಂ ಇರುವ ಜಾಗ ಆಗ ನಮ್ಮ ಜನ ದೇವರಿಗೆ ಬಿಟ್ಟ ದನಗಳ ಹುಲ್ಲುಗಾವಲು. ದಿಂಡುಗಲ್ಲಿನ ಫುಟ್‌ಬಾಲ್ ಕ್ಲಬ್‌ಗೆ ಸ್ವಂತ ಮೈದಾನ ಇರಲಿಲ್ಲ. ಜಾಗ ಸಿಕ್ಕರೆ ಮಾತ್ರ ದುಡ್ಡು ಹಾಕುತ್ತೇವೆ ಅಂತ ಸ್ಪಾನ್ಸರ್‌ಗಳು ಹೇಳಿಬಿಟ್ಟಿದ್ದರು. ಕೇಳಲು ಬಂದವನು ಕ್ಲಬ್ಬಿನ ಇಂಜಿನಿಯರ್ ಜೆಯಕುಮಾರ್. ನಮ್ಮ ಜನವೇ, ಆದರೆ ಟೌನಿನಲ್ಲಿ ಬೆಳೆದವನು. ಮನೆಮಾತು ಕನ್ನಡ ಬರುತ್ತಿತ್ತು, ನಮ್ಮ ಪದ್ಧತಿ ತಿಳಿಯದು.

ದನ ಕಾಯುವ ಕರುಪ್ಪಯ್ಯನ ಮಗಳು ತಿಲಗವತಿ. ಜಾಗದ ಅಳತೆ ಮುಗಿದ ಮೇಲೂ ಇವನು ದಿನಾ ಸಂಜೆ ಹಿಂಡಿನ ಗೂಳಿಗೆ ಅಂತ ಕಬ್ಬು ಹಿಡಿದು ಬರುತ್ತಿದ್ದ. ಅವಳು ಕೊಟ್ಟಿಗೆಯ ಕಂಬಕ್ಕೆ ಒರಗಿ ಕಬ್ಬನ್ನು ನೋಡುವಳು, ಅವನನ್ನು ನೋಡುವಳು, ಮತ್ತೆ ಕಬ್ಬನ್ನು ನೋಡುವಳು.

“ಗೂಳೀನ ನೋಡಕ್ ಬಂದ್ಯಾ ಮಾಮಾ, ಇಲ್ಲ ಬೇರೆ ಯಾರ್ನಾ?”

“ಗೂಳೀನ ತಾನ್. ಅದು ನಿನ್ನಂಗೆ ಬೈಯಲ್ಲ.”

“ಬೈಯ್ದೆ ಇರೋದ್ ತಾನ್ ಹಾಯ್ತದೆ. ಅತ್ಲಾಗ್ ತಳ್ಳಿ ನಿಲ್ಲು.”

ನಗು ಹೊರಬೀಳದಂತೆ ದಾವಣಿಯ ಅಂಚನ್ನು ಹಲ್ಲಲ್ಲಿ ಕಚ್ಚುವಳು. ಕಣ್ಣು ನಕ್ಕೇಬಿಡುತ್ತಿತ್ತು. ಮದುವೆಯಾಗಲು ವರಸೆ ಇರುವವನನ್ನೇ ನಮ್ಮ ಹುಡುಗಿಯರು ಮಾಮಾ ಅನ್ನುವುದು.

ದೇವರ ಜಾಗಕ್ಕೆ ಮನುಷ್ಯರ ಒಪ್ಪಿಗೆ ಸಾಲದು, ಹಿಂಡಿಗೆ ಅರಸನೆಂದು ಪಟ್ಟ ಕಟ್ಟಿದ ಆ ಗೂಳಿ ಒಪ್ಪಬೇಕು. ಕೇಳುವವನು ಎಲ್ಲರೆದುರು ಕಬ್ಬು ನೀಡಬೇಕು. ಗೂಳಿ ತಿಂದರೆ ಜಾಗ ಸಿಕ್ಕಿತು. ನೀಡಿದವನು ಅಂದಿನಿಂದ ದನ ಕಾಯುವವನ ಮನೆಮಗ. ಕ್ಲಬ್ಬಿನ ಅಧ್ಯಕ್ಷರೇ ನೀಡುವುದೆಂದು ಮಾತಾಗಿತ್ತು. ಹಾಗಾಗಿ ತಿಲಗವತಿ ಇವನಿಗೇನೂ ಹೇಳಿರಲಿಲ್ಲ.

ಆ ದಿನ ಗೂಳಿ ಒಮ್ಮೆ ಬುಸುಗುಟ್ಟಿತು ಅಷ್ಟೆ. ಅಧ್ಯಕ್ಷರು ಕಬ್ಬು ಬಿಸಾಡಿ ಕಾರು ಹತ್ತಿದರು. ಸ್ಪಾನ್ಸರ್‌ಗಳೂ ಎದ್ದರು. ಜೆಯಕುಮಾರ್ ಬಗ್ಗಿ ಕಬ್ಬು ಎತ್ತಿಕೊಂಡ.

ಹೆಂಗಸರ ನಡುವೆ ನಿಂತ ತಿಲಗವತಿ ಬೇಡ ಬೇಡ ಅಂತ ತಲೆಯಾಡಿಸಿದಳು. ಗೂಳಿ ಹಾಯುತ್ತದೆಂದು ಹೆದರಿದ್ದಾಳೆ ಅಂದುಕೊಂಡ ಪೆದ್ದ, ಅವಳ ಕಡೆ ನಕ್ಕು ಕೈ ಚಾಚಿದ. ದಿನವೂ ತಿನ್ನಿಸಿದ ಕೈ. ಗೂಳಿ ಕರಕರ ಅಗಿಯಿತು.

ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಕುಲವೆ ಕೂಗಿದರು. ಕರುಪ್ಪಯ್ಯ ಅವನ ತಲೆಗೆ ಟವೆಲ್ ಸುತ್ತಿ, “ಇವತ್ನಿಂದ ನೀ ನನ್ ಮಗ ಪಾ. ಏ ತಿಲಗಾ, ಅಣ್ಣನ್ಗೆ ನೀರ್ ಕೊಡು” ಅಂದ.

ಚೊಂಬು ಹಿಡಿದು ಬಂದವಳು ತಲೆ ಎತ್ತಲಿಲ್ಲ.

ಮರುದಿನ ಕೊಟ್ಟಿಗೆಯಲ್ಲಿ ನಡೆದದ್ದನ್ನು ಅವಳೇ ನನ್ನ ಹೆಂಡತಿಗೆ ಹೇಳಿದ್ದು.

“ಮದುರೈಗೆ ಹೋಗ್ಬುಡಾಣ, ಬಾ” ಅಂದನಂತೆ ಅವನು.

“ಹಂಗ್ ಹೋದ್ರೆ ಹಿರೀರು ಅಪ್ಪನ್ ಕೈಯಿಂದ ದನ ಕಿತ್ಕತಾರೆ. ಜಾಗಾನೂ ತಿರುಗ ಕೇಳ್ತಾರೆ.”

“ಸ್ಟೇಡಿಯಂ ಹಾಳಾಗ್ಲಿ.”

“ನಿಂಗೇನು, ಹಾಳಾಗ್ಲಿ ಅಂತೀಯ. ಅಪ್ಪಂಗೆ ದನ ಬಿಟ್ರೆ ಏನದೆ?” ಗೂಳಿಯ ಮುಂದೆ ಹುಲ್ಲು ಹಾಕುತ್ತ ಅಂದಳಂತೆ: “ನನ್ ಆಸೆ ನಿನ್ಮೇಲೆ ತಾನ್. ಒಂದ್ ಸಲ ಹೇಳ್ಬುಟ್ಟೆ. ಇನ್ ಕೇಳ್ಬ್ಯಾಡ, ಅಣ್ಣಾ.”

ಸ್ಟೇಡಿಯಂ ಎದ್ದಿತು. ಮೊದಲ ಮ್ಯಾಚಿಗೆ ನಮ್ಮ ಕಣಿವೆಯ ಊರೆಲ್ಲ ಬಂತು. ಅದೇ ತಿಂಗಳು ತಿಲಗವತಿಯನ್ನು ಉತ್ತಮಪಾಳಯಂಗೆ ಕೊಟ್ಟರು. ನಮ್ಮಲ್ಲಿ ಹುಡುಗಿಯ ಕೈ ಹಿಡಿದು ಗಂಡಿನ ಕೈಗೆ ಒಪ್ಪಿಸುವುದು ಅಣ್ಣನ ಕೆಲಸ. ಜೆಯಕುಮಾರ್ ಒಪ್ಪಿಸಿದ. ಆ ಕೈಯನ್ನು ಅವನು ಹಿಡಿದದ್ದು ಅದೊಂದೇ ಸಲ. ಬಿಡು ಅಂತ ಪೂಜಾರಿ ಎರಡು ಬಾರಿ ಹೇಳಬೇಕಾಯಿತು.

ಈ ವಾಯ್ಸ್ ನೋಟನ್ನು ಟೌನಿನಲ್ಲಿರುವ ನಮ್ಮ ಮಕ್ಕಳಿಗೆಲ್ಲ ಕಳಿಸಿ. ಪದ್ಧತಿ ತಿಳಿಯದವರಿಗೆ ಮೊದಲು ಕಳಿಸಿ.