ಶಿವಶಂಕರನ ಕೇವಿಯಟ್ಟು

ಆರು ವರ್ಷ ಅಪ್ಪನ ಮಲಮೂತ್ರ ಬಳಿದವನು ತಾನು, ಜಮೀನಿನಲ್ಲಿ ಅರ್ಧ ಪಾಲು ತಂಗಿಗೆ! ವಿಲ್ ಓದಿಸಿದ ದಿನದಿಂದ ಶಿವಶಂಕರನ ತಲೆಯಲ್ಲಿ ಇದೊಂದೇ ಮಾತು. ಕ್ಯಾತನಹಳ್ಳಿಯ ಆ ಎರಡೆಕರೆಗೆ ನಾಲೆ ನೀರು, ಆಳೆತ್ತರದ ಕಬ್ಬು. ಹಬ್ಬಕ್ಕೊಮ್ಮೆ ಬೂಕನಕೆರೆಯಿಂದ ಬಂದು, ಅಪ್ಪನ ಕಾಲ ಬಳಿ ಕೂತು ಕಣ್ಣೊರೆಸಿಕೊಂಡು ಹೋಗುತ್ತಿದ್ದ ಹೇಮಶ್ರೀಗೆ ಅದರಲ್ಲಿ ಒಂದೆಕರೆ. ಅಪ್ಪ ಚಿಕ್ಕಸ್ವಾಮಿ ಇವನ ಕೈಯಿಂದ ಗಂಜಿ ಕುಡಿಯುತ್ತಲೇ ಯಾರಿಗೂ ಬಾಯಿ ಬಿಡದೆ ಬರೆಸಿಟ್ಟಿದ್ದ. ಮಗನ ಬೆನ್ನಿಗೆ ಚೂರಿ ಹಾಕಿದ ಹಾಗಲ್ಲವೇ ಇದು? ಸತ್ತವನ ಜೊತೆ ಜಗಳ ಆಡುವಂತಿಲ್ಲ. ಆದರೆ ಅವನು ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಬಹುದು ಅಂತ ತೀರ್ಮಾನಿಸಿದ ಮೇಲೆಯೇ ಅವನಿಗೆ ಊಟ ಸೇರಿದ್ದು.

ಪಾಂಡವಪುರದ ಒಂದು ಶಾಲೆಯಲ್ಲಿ ಅವನು ಗುಮಾಸ್ತ. ಕಾಗದಪತ್ರ ಅಂದರೆ ನೀರು ಕುಡಿದಷ್ಟು ಸಲೀಸು. ಕಳ್ಳ ಸಹಿ, ಕಳ್ಳ ಹೆಬ್ಬೆಟ್ಟು ಎಲ್ಲ ದಡ್ಡರ ಕೆಲಸ. ಇಂದಲ್ಲ ನಾಳೆ ಸಿಕ್ಕಿಬೀಳುತ್ತಾರೆ. ಇವನ ಯೋಜನೆಯಲ್ಲಿ ಸಹಿಯೂ ತಂಗಿಯದೇ, ಹೆಬ್ಬೆಟ್ಟೂ ಅವಳದೇ, ಫೋಟೋನೂ ಅವಳದೇ. ಕಾಗದ ಮಾತ್ರ ಬೇರೆ. ಅವಳು ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ತಯಾರಿತ್ತು. ಫೋನು ಮಾಡಿದ.

"ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸ್‌ಗೆ ಬಂದ್ಬುಡವ್ವ. ಅಪ್ಪನ ಹೆಸ್ರಿಂದ ನಮ್ಮಿಬ್ರ ಹೆಸ್ರಿಗೆ ಖಾತೆ ಆಗ್ಬೇಕು. ಒಪ್ಗೆ ಐತಾ ಅಂದ್ರೆ ಹೂಂ ಅನ್ನು, ಸಾಕು."

"ನೀನೆಲ್ಲಿ ಅಂತೀಯೋ ಅಲ್ಲಿ ಸೈನ್ ಆಕ್ತೀನಿ ಬುಡಣ್ಣ. ಓದ್ಕಂಡು ಕೂರಕ್ಕೆ ನಂಗೆಲ್ಲಿ ಪುರುಸೊತ್ತು, ಅಸ ಬೇರೆ ಕರ ಆಕೈತೆ."

ಅಯ್ಯೋ ಪಾಪ ಅನ್ನಿಸಿತು, ಸುಳ್ಳೇಕೆ. ಆಮೇಲೆ ಅಪ್ಪನ ವಿಲ್ ನೆನಪಾಯಿತು, ಪಾಪ ಅನ್ನುವುದು ಹೋಯಿತು.

ಉಳಿದ ಅಪಾಯ ಒಂದೇ. ಸೋಮವಾರ ಸಂಜೆ ಯಾರಾದರೂ ಅವಳ ಕಿವಿ ಊದಿದರೆ ಮಂಗಳವಾರವೇ ಕೋರ್ಟಿಗೆ ಓಡಿ ತಡೆಯಾಜ್ಞೆ ತಂದಾಳು. ಅದಕ್ಕೂ ಮದ್ದು ಅವನಿಗೆ ಗೊತ್ತಿತ್ತು. ನಾಗಮಂಗಲದಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು, ತಮ್ಮಿಂದಾಗಿ ಜಾಗ ಕಳಕೊಂಡ ಇನ್ನೊಬ್ಬ ಮೇಷ್ಟ್ರು ಸ್ಟೇ ತರದ ಹಾಗೆ ಮೊದಲೇ ಅದೇನೋ ಅರ್ಜಿ ಹಾಕಿ, ಸ್ಟಾಫ್ ರೂಮಿನಲ್ಲಿ ಎದೆ ಉಬ್ಬಿಸಿದ್ದರು: "ಕೇವಿಯಟ್ ಆಕ್ಬುಟ್ಟಿವ್ನಿ ಕಣ್ಲಾ. ಇನ್ನವ್ನು ತಿಪ್ಪರಲಾಗ ಆಕುದ್ರೂ ಸ್ಟೇ ಸಿಕ್ಕಲ್ಲ!"

ಅವನು ಹೋಗಿ ಕಂಡ ವಕೀಲ ರಘುನಂದನ್‌ಗೆ ವಯಸ್ಸು ಚಿಕ್ಕದು, ವಿವರಿಸುವ ಚಪಲ ದೊಡ್ಡದು. "ಅದು ಲ್ಯಾಟಿನ್ ಪದ ಸಾರ್. 'ಎಚ್ಚರವಾಗಿರಲಿ' ಅಂತ ಅರ್ಥ. ವ್ಯಾಪಾರದಲ್ಲಿ ಕೊಳ್ಳುವವನಿಗೆ ಹೇಳೋ ಎಚ್ಚರಿಕೆಗೂ ಇದೇ ಪದ. ಕೋರ್ಟಲ್ಲಿ ಹಾಕಿದ್ರೆ, ತೊಂಬತ್ತು ದಿನ ನಿಮ್ಮ ಮಾತು ಕೇಳದೆ ಜಡ್ಜು ಆರ್ಡರ್ ಮಾಡಲ್ಲ."

ಆಹಾ, ಎಂಥ ಪದ! ಜಡ್ಜಿಗೇ ಎಚ್ಚರಿಕೆ! ಮನೆಗೆ ಹೋಗುವಾಗ ಬೈಕಿನ ಮೇಲೆ ಅದನ್ನು ನಾಲ್ಕು ಸಲ ಬಾಯಲ್ಲಿ ಹೊರಳಾಡಿಸಿದ. ಕೇವಿಯಟ್ ಮೊದಲು, ಸಹಿ ಆಮೇಲೆ. ಬೇಲಿ ಕಟ್ಟಿಯೇ ಬೆಳೆಗೆ ಕೈ ಹಾಕಬೇಕು. ತಂಗಿ ಆಗಲೇ ಪತ್ರ ಬರೆದುಕೊಟ್ಟಿದ್ದಾಳೆ, ಪ್ರತಿಯನ್ನು ಆಮೇಲೆ ತರುತ್ತೇನೆ ಅಂತ ವಕೀಲರಿಗೆ ಸುಳ್ಳು ಹೇಳಿದ್ದ. ಅರ್ಜಿಯಲ್ಲೂ ಹಾಗೆಯೇ ಬರೆಸಿದ್ದ. ಆ ಸೋಮವಾರಕ್ಕೆ ಇನ್ನೂ ಆರು ದಿನ ಇರುವಾಗಲೇ, ಮಂಗಳವಾರ, ಅರ್ಜಿ ಕೋರ್ಟು ಸೇರಿತು.

ಸೋಮವಾರ ಹತ್ತೂವರೆಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದ. ಪತ್ರ ಬರೆಯುವವನು ಸಾಕ್ಷಿಗಳ ಜೊತೆ ಆಗಲೇ ಬಂದಿದ್ದ. ಎಲ್ಲಾದರೂ ಎಡವಿದ್ದೇನಾ ಅಂತ ಮೊದಲಿನಿಂದ ಕೊನೆವರೆಗೆ ಇನ್ನೊಮ್ಮೆ ನೆನೆಸಿಕೊಂಡ. ಊಹೂಂ, ಒಂದು ಕೂದಲೂ ಆಚೀಚೆ ಆಗಿರಲಿಲ್ಲ. ಗೇಟಿನ ಬಳಿ ಆಟೋ ನಿಂತಿತು. ಹೇಮಶ್ರೀ ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದಳು, ಗಂಡನೂ ಜೊತೆಗಿದ್ದ.

"ಬಾರವ್ವ, ಕೂತ್ಕೋ," ಅಂತ ಜಾಗ ಬಿಟ್ಟ. ಅವಳು ಕೂರಲಿಲ್ಲ. ಬ್ಯಾಗಿನಿಂದ ವಕೀಲರ ಮೊಹರಿದ್ದ ಕವರೊಂದನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು. ಕೇವಿಯಟ್ ಹಾಕುವವರು ಅದರ ನೋಟೀಸನ್ನು ಎದುರು ಪಾರ್ಟಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲೇಬೇಕು, ಕಾನೂನೇ ಹಾಗೆ. ರಘುನಂದನ್ ಎಂದಿನಂತೆ ಅದನ್ನೂ ಮಾಡಿ ಮುಗಿಸಿದ್ದ. "ಶನ್ವಾರ ಬತ್ತು ಕಣಣ್ಣ. ಮೂರ್ ಸಲ ಓದ್ದೆ, ನಂಬಕ್ಕೇ ಆಗ್ನಿಲ್ಲ." ತಂಗಿಯ ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಇಡೀ ಆಫೀಸಿಗೆ ಕೇಳುವಂತಿತ್ತು. "ನನ್ ಪಾಲು ನಿಂಗೆ ಬುಟ್ಕೊಟ್ಟು ನಾನು ಆಗ್ಲೇ ಸೈನ್ ಆಕ್ಬುಟ್ಟಿದ್ದೀನಿ ಅಂತ ಕೋರ್ಟ್‌ಗೆ ಬರ್ಕೊಟ್ಟಿದ್ದೀಯಲ್ಲ. ಅಂಗಾರೆ ಇವತ್ತು ಯಾತಕ್ಕಣ್ಣ ನನ್ನ ಕರ್ಸ್ದೆ?"