ಖಾಲಿ ಪರದೆ, ಬಿಸಿ ಕೋಣೆ

ಪರದೆಯ ಮೇಲೆ ಒಂದೂ ಯಂತ್ರ ಇರಲಿಲ್ಲ.

ಪುಟ್ಟಿ ಕಣ್ಣುಜ್ಜಿಕೊಂಡು ಮತ್ತೆ ಲಾಗಿನ್ ಆದಳು. ಖಾಲಿ! ನಿನ್ನೆ ಅಲ್ಲಿದ್ದ ವರ್ಚುವಲ್ ಮಷೀನುಗಳೆಲ್ಲ, ಸರ್ವರಿನೊಳಗೆ ತಂತ್ರಾಂಶವೇ ಕಟ್ಟಿದ ಆ ಯಂತ್ರಗಳೆಲ್ಲ ಮಾಯ— ಅವುಗಳಲ್ಲಿ ಇಟ್ಟಿದ್ದ ದನಿಗಳೂ.

ಅದು ಗಂಟಲಿನ ಆಸ್ಪತ್ರೆ. ಧ್ವನಿಪೆಟ್ಟಿಗೆ ತೆಗೆಯುವ ಮುನ್ನ ರೋಗಿಯ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಆಮೇಲೆ ಆ ರೋಗಿ ಟ್ಯಾಬ್ಲೆಟ್ಟಿನಲ್ಲಿ ಟೈಪ್ ಮಾಡಿದ್ದನ್ನು ಅದು ಅವರದೇ ದನಿಯಲ್ಲಿ ಹೇಳುತ್ತಿತ್ತು. ಅದಕ್ಕೆ ಬೇಕಾದ ಕ್ಲೌಡನ್ನು, ಅಂದರೆ ಆಸ್ಪತ್ರೆಯ ಸರ್ವರುಗಳ ಜಾಲವನ್ನು, ಯಾರು ಬೇಕಾದರೂ ತೆರೆದು ಓದಬಹುದಾದ ಮುಕ್ತ ತಂತ್ರಾಂಶದಿಂದ ಕಟ್ಟಿದವಳು ಪುಟ್ಟಿಯೇ. ಮೇಲಿನ ವಾರ್ಡಿನಲ್ಲಿ ಮಲಗಿದ್ದವನು ಅವಳ ಅಣ್ಣ, ಬಸ್ ಕಂಡಕ್ಟರ್. ಆಪರೇಷನ್ ಮುಗಿದಿತ್ತು. ಇನ್ನೊಮ್ಮೆ ರೆಕಾರ್ಡ್ ಮಾಡೋಣವೆಂದರೆ ಅವನಲ್ಲಿ ದನಿಯೇ ಇರಲಿಲ್ಲ. ಸಂಜೆ ಅವನ ಕೈಗೆ ಟ್ಯಾಬ್ಲೆಟ್ ಕೊಡಬೇಕಿತ್ತು.

ಅಣ್ಣನನ್ನು ನೋಡಲು ಬಂದಿದ್ದ ಸೋದರತ್ತೆಯನ್ನು ಅವಳು ಕೆಳಗೆ ಎಳೆತಂದಳು. ಅತ್ತೆ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಸೊಂಟನೋವು ಬಿಟ್ಟರೆ ಬೇರೆ ಯಾರಿಗೂ ಹೆದರಿದವರಲ್ಲ.

"ಇನ್ನೊಂದು ಪ್ರತಿ ಇಟ್ಟಿಲ್ವೇನೇ?"

"ಇಟ್ಟಿದ್ದೆ ಅತ್ತೆ... ಅದೂ ಇದರೊಳಗೇ."

"ಭೇಷ್! ಬೀಗದ ಕೈಯನ್ನ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ್ಯಾ. ಯಾರ ಮೇಲೆ ಅನುಮಾನ?"

ಒಬ್ಬ ಹೊರಗೇ ಕೂತಿದ್ದ— ಆಸ್ಪತ್ರೆಗೆ ದುಡ್ಡಿನ ಸಾಫ್ಟ್‌ವೇರ್ ಮಾರಲು ಅಲೆಯುತ್ತಿದ್ದವನು. "ನಾನು ಮೊದಲೇ ಹೇಳಿದ್ದೆ ಮೇಡಂ! ಪುಕ್ಕಟೆ ಸಾಫ್ಟ್‌ವೇರು. ಬೀಗದ ನಕ್ಷೆನೇ ಊರಿಗೆಲ್ಲ ಹಂಚಿದ ಹಾಗೆ."

"ನಕ್ಷೆ ಹಂಚಿದ್ರೆ ಬೀಗದ ಕೈ ಸಿಗುತ್ತಾ?" ಅತ್ತೆ ಕೇಳಿದರು. "ನಿಮ್ಮ ಹತ್ರ ಪಾಸ್‌ವರ್ಡ್ ಇತ್ತಾ?"

ಅವನ ಹತ್ತಿರ ಇರಲಿಲ್ಲ.

ಇನ್ನೊಬ್ಬ, ಪುಟ್ಟಿಯ ಜೊತೆ ಜಗಳವಾಡಿ ಕೆಲಸ ಬಿಟ್ಟಿದ್ದ ಸಹೋದ್ಯೋಗಿ, ಎಲ್ಲರೂ 'ಗಡ್ಡ' ಎನ್ನುತ್ತಿದ್ದವನು. ಫೋನಿನಲ್ಲಿ ಕಿರುಚಿದ: "ನನ್ನ ಪಾಸ್‌ವರ್ಡ್ ನೀನೇ ತೆಗೆದುಹಾಕಿದ್ಯಲ್ಲೇ! ಅಯ್ಯೋ, ಅಣ್ಣನ ದನಿನೂ ಹೋಯ್ತಾ? ನಾನು ಬರ್ಲಾ?"

ಪುಟ್ಟಿಗೆ ನಾಚಿಕೆಯಾಯಿತು.

ಆಸ್ಪತ್ರೆಯ ಮ್ಯಾನೇಜರ್ ಕೋಣೆ ಕನ್ನಡಿಯಂತಿತ್ತು. ಮೇಜಿನ ಮೇಲೆ ಒಂದು ಚೂರು ಕಾಗದವಿಲ್ಲ. ಅತ್ತೆಗೆ ಚಹಾ ಬಂತು. ಹೀರುತ್ತ ಕೇಳಿದರು: "ಪಾಸ್‌ವರ್ಡ್ ಯಾರ ಹತ್ರ ಇದೆ?"

"ಇವರ ಹತ್ರ, ನನ್ನ ಹತ್ರ. ಆದ್ರೆ ನನಗೆ ಅದೆಲ್ಲ ಏನು ಅರ್ಥವಾಗುತ್ತೆ ಮೇಡಂ?" ಮಾತಾಡುತ್ತಲೇ ಅವರು ಅತ್ತೆಯ ಲೋಟ ಎತ್ತಿಕೊಂಡು ಹೋಗಿ ತೊಳೆದಿಟ್ಟು ಬಂದರು.

ಕೊನೆಗೆ ಸರ್ವರ್ ಕೋಣೆ. ಅತ್ತೆ ಸುತ್ತು ಹಾಕಿ, ಸರ್ವರುಗಳಿದ್ದ ಕಪಾಟುಗಳ ಹಿಂದೆ ಹೋಗಿ ನಿಂತವರು ಅಲ್ಲಿಂದ ಕದಲಲೇ ಇಲ್ಲ. "ಆಹಾ! ಸೊಂಟಕ್ಕೆ ಶಾಖ ಕೊಟ್ಟ ಹಾಗಿದೆ."

"ಅತ್ತೆ, ನನ್ನ ಜೀವ ಹೋಗ್ತಿದೆ!"

"ಸುಮ್ನಿರು. ಕೆಲಸ ಇಲ್ಲದ ಸರ್ವರು ಇಷ್ಟು ಬಿಸಿ ಇರುತ್ತಾ?"

"ಇಲ್ಲ, ತಣ್ಣಗಿರಬೇಕು..." ಪುಟ್ಟಿ ಕಪಾಟಿಗೆ ಕೈಯಿಟ್ಟು ನೋಡಿದಳು.

"ನಾನು ಹೆಣಗಳನ್ನ ನೋಡಿದವಳು ಕಣೇ. ಸತ್ತದ್ದು ತಣ್ಣಗಾಗುತ್ತೆ. ನಿನ್ನ ಯಂತ್ರಗಳು ಸತ್ತಿಲ್ಲ."

ಪುಟ್ಟಿ ಓಡಿದಳು. ಈ ಸಲ ಪರದೆಯನ್ನು ನಂಬದೆ ನೇರವಾಗಿ ಸರ್ವರನ್ನೇ ಕೇಳಿದಳು. ಎಲ್ಲವೂ ಇದ್ದವು! ಓಡುತ್ತಿದ್ದವು! ಅವು ಯಾವ ಪ್ರಾಜೆಕ್ಟಿಗೆ, ಅಂದರೆ ಯಾವ ಖಾತೆಯ ಹೆಸರಿಗೆ ಸೇರಿದ್ದವೋ ಆ ಪ್ರಾಜೆಕ್ಟನ್ನು ಯಾರೋ ಅಳಿಸಿದ್ದರು. ತಂತ್ರಾಂಶ ಯಂತ್ರಗಳನ್ನು ಮುಟ್ಟಿರಲಿಲ್ಲ. ಯಜಮಾನನಿಲ್ಲದ ಮನೆಗಳಂತಾದ ಅವನ್ನು ಪರದೆಯಲ್ಲಿ ತೋರಿಸುವುದನ್ನಷ್ಟೇ ನಿಲ್ಲಿಸಿತ್ತು.

"ಆ ಪ್ರಾಜೆಕ್ಟಿನ ಹೆಸರೇನು?" ಅತ್ತೆ ಕೇಳಿದರು.

ಪುಟ್ಟಿ ತುಟಿ ಕಚ್ಚಿದಳು. "'ಸುಮ್ಮನೆ ಪ್ರಯೋಗ'. ಮೊದಲು ಪರೀಕ್ಷೆಗೆ ಅಂತ ಮಾಡಿದ್ದೆ. ಚೆನ್ನಾಗಿ ನಡೀತು, ಹಾಗೇ ಬಿಟ್ಟೆ."

"ಸರಿ, ಮ್ಯಾನೇಜರನ್ನ ಕರಿ."

ಅವರು ಬಂದರು. ಅತ್ತೆ ಗದರಲಿಲ್ಲ. "ದ್ವೇಷ ಇದ್ದವನು ಯಂತ್ರಗಳನ್ನೇ ಕೊಲ್ತಿದ್ದ. ಇಲ್ಲಿ ಹೆಸರಿನ ಬೋರ್ಡು ಮಾತ್ರ ಕಿತ್ತಿದ್ದಾರೆ. ಕೈಯಲ್ಲಿ ಪಾಸ್‌ವರ್ಡ್ ಇದ್ದು, ಬೇಡದ್ದು ಅನ್ನಿಸಿದ್ದನ್ನ ಕೇಳದೇ ತೆಗೆಯೋರ ಕೆಲಸ. ಸ್ವಾಮಿ, ನನ್ನ ಲೋಟದಲ್ಲಿ ಅರ್ಧ ಚಹಾ ಇತ್ತು."

ಮ್ಯಾನೇಜರ್ ಕುರ್ಚಿಗೆ ಕುಸಿದರು. "ಪ್ರಯೋಗ ಅಂತಿತ್ತು... ಕಸ ಅಂದ್ಕೊಂಡು ಅಳಿಸಿಬಿಟ್ಟೆ. ಬೆಳಿಗ್ಗೆಯಿಂದ ಅನುಮಾನ ಕೊರೀತಿತ್ತು. ಹೇಳೋಕೆ ಧೈರ್ಯ ಬರಲಿಲ್ಲ. ದನಿಗಳು ಇವೆಯಾ? ನಿಜವಾಗ್ಲೂ?"

"ಇವೆ ಸಾರ್," ಅಂದಳು ಪುಟ್ಟಿ. ಅವರ ಜೊತೆ ಅವಳೂ ಅತ್ತುಬಿಟ್ಟಳು. ಆಮೇಲೆ ಗಡ್ಡನಿಗೆ ಫೋನ್ ಮಾಡಿದಳು. ಇಬ್ಬರೂ ಕೂತು ಯಂತ್ರಗಳನ್ನು ಹೊಸ ಪ್ರಾಜೆಕ್ಟಿಗೆ ಸೇರಿಸಿ, ಇನ್ನೊಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇಟ್ಟರು.

ಸಂಜೆ ಅಣ್ಣ ಟ್ಯಾಬ್ಲೆಟ್ ಹಿಡಿದು ಒಂದೊಂದೇ ಅಕ್ಷರ ಒತ್ತಿದ. ವಾರ್ಡಿನಲ್ಲಿ ಅವನದೇ ದನಿ ಎದ್ದಿತು, ತುಂಬಿದ ಬಸ್ಸಿನಲ್ಲಿ ಹಿಂದಿನವರೆಗೂ ಕೇಳುತ್ತಿದ್ದ ಅದೇ ದಪ್ಪ ದನಿ:

"ಅತ್ತೆ, ಸೊಂಟನೋವು ಹೇಗಿದೆ?"

ಎಂಥೆಂಥ ಕಳ್ಳರ ಬಾಯಿ ಬಿಡಿಸಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಚೆನ್ನಾಗಿದೆ ಎಂದು ತಲೆಯಾಡಿಸಿದರು.